ನೀರು ಮೊದಲು, ಊರು ಆಮೇಲೆ

ಮಾಘದ ಹುಣ್ಣಿಮೆ ಕಳೆದು ಕೃಷ್ಣಪಕ್ಷ ಹಿಡಿಯಿತೆಂದರೆ ಕೊಟ್ಟೂರಿನ ಕಡೆಗೆ ತಿರುಗುವ ಎಲ್ಲ ರಸ್ತೆಗಳಲ್ಲೂ ಜನ ನಡೆಯತೊಡಗುತ್ತಾರೆ. ದಾವಣಗೆರೆಯವರು, ಹರಿಹರದವರು, ರಾಣೆಬೆನ್ನೂರಿನವರು, ಚಿತ್ರದುರ್ಗ, ಚಳ್ಳಕೆರೆ ಸೀಮೆಯವರು. ತಲೆಗೆ ಟವೆಲ್ಲು, ಹೆಗಲಿಗೊಂದು ಚೀಲ, ಕೆಲವರ ಕಾಲಲ್ಲಿ ಚಪ್ಪಲಿ, ಹರಕೆ ಹೊತ್ತವರದು ಬರಿಗಾಲು. ಗುರು ಬಸವೇಶ್ವರನ ತೇರು ಎಳೆಯುವುದು ಮಾಘ ಬಹುಳ ದಶಮಿಯ ಮೂಲಾ ನಕ್ಷತ್ರದಲ್ಲಿ, ಶಿವರಾತ್ರಿಗೆ ಮೂರು ನಾಲ್ಕು ದಿನ ಮುಂಚೆ. ಅಷ್ಟರೊಳಗೆ ಊರು ಮುಟ್ಟಬೇಕು. ಬಿಸಿಲು ಆಗಲೇ ಚುರುಕಾಗಿರುವುದರಿಂದ ರಾತ್ರಿ ನಡೆದು ಹಗಲು ಮಲಗುವವರೂ ಉಂಟು. ನಮ್ಮ ಕಾನಹೊಸಹಳ್ಳಿ ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯ ಮೇಲಿದೆ. ಬೋರ್ಡಿನಲ್ಲಿ ಈಗ 50 ಎಂದಿದ್ದರೂ ಹಳಬರ ಬಾಯಲ್ಲಿ ಅದು ಇನ್ನೂ ಹದಿಮೂರನೇ ನಂಬರಿನ ರಸ್ತೆ. ದಿನವಿಡೀ ಲಾರಿ ಬಸ್ಸುಗಳ ಅಬ್ಬರ ಕೇಳಿಯೇ ಬದುಕುವ ನಮಗೆ ವರ್ಷಕ್ಕೊಮ್ಮೆ ಈ ಕಾಲ್ನಡಿಗೆಯ ಜನವನ್ನು ಕಂಡರೆ ಮನಸ್ಸು ತಾನಾಗಿ ಅರಳುತ್ತದೆ.

ನಡೆಯುವವರ ಭಕ್ತಿಯ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನನಗೆ ಹೇಳಬೇಕಾಗಿರುವುದು ದಾರಿಯ ಪಕ್ಕದಲ್ಲಿ ನಿಂತವರ ಬಗ್ಗೆ. ಆ ನಾಲ್ಕೈದು ದಿನ ರಸ್ತೆಯ ಬದಿಯಲ್ಲಿ ಶಾಮಿಯಾನಗಳು ಏಳುತ್ತವೆ. ಶಾಮಿಯಾನ ಸಿಗದ ಕಡೆ ನಾಲ್ಕು ಗಳ ನೆಟ್ಟು ಮೇಲೆ ತಾಡಪಾಲು ಕಟ್ಟುತ್ತಾರೆ. ಬೆಳಿಗ್ಗೆ ಉಪ್ಪಿಟ್ಟು, ಮಂಡಕ್ಕಿ ಒಗ್ಗರಣೆ. ಮಧ್ಯಾಹ್ನ ಚಿತ್ರಾನ್ನವೋ ಪಲಾವೋ. ಹುಮ್ಮಸ್ಸಿದ್ದ ಕಡೆ ಗೋಧಿ ಹುಗ್ಗಿ. ನಡುನಡುವೆ ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು, ಬಾಳೆಹಣ್ಣು. ಒಂದು ಮೂಲೆಯಲ್ಲಿ ದೊಡ್ಡ ಕಡಾಯಿಯಲ್ಲಿ ನೀರು ಕಾಯುತ್ತಿರುತ್ತದೆ. ಅದು ಅಡುಗೆಗೆ ಅಲ್ಲ, ಕಾಲಿಗೆ. ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂತರೆ ಎರಡು ದಿನದ ನಡಿಗೆಯ ನೋವು ಇಳಿಯುತ್ತದೆ. ಅಂಗಾಲಿನಲ್ಲಿ ಗುಳ್ಳೆ ಎದ್ದವರಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟುವ ಹುಡುಗರಿರುತ್ತಾರೆ. ಮೀನಖಂಡ ಹಿಡಿದುಕೊಂಡವರಿಗೆ ನೋವಿನ ಎಣ್ಣೆ ಹಾಕಿ ತಿಕ್ಕುವವರಿರುತ್ತಾರೆ. ಹೀಗೆ ತಿಕ್ಕುವ ಹುಡುಗ ಬೇರೆ ದಿನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವವನು, ಕಾಲೇಜಿಗೆ ಹೋಗುವವನು, ಅಥವಾ ಮೆಕ್ಕೆಜೋಳದ ಚೀಲ ಹೊರುವವನು. ಯಾರದೋ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಾನೆ. ಆ ಕಾಲು ಯಾರದೆಂದು ಅವನಿಗೆ ಗೊತ್ತಿಲ್ಲ, ತಿಳಿಯುವ ಆಸೆಯೂ ಇಲ್ಲ.

ಹಿಂಗಾರಿನ ಜೋಳ ಬಲಿಯುವ ಹೊತ್ತು ಅದು. ಮೆಕ್ಕೆಜೋಳ, ಶೇಂಗಾ ಆಗಲೇ ಮಾರಿ ಮನೆಯಲ್ಲಿ ನಾಲ್ಕು ಕಾಸು ಇರುತ್ತದೆ. ಕೈಯೂ ಸ್ವಲ್ಪ ಬಿಡುವಾಗಿರುತ್ತದೆ. ಜಾತ್ರೆಗಳು ಈ ಕಾಲದಲ್ಲೇ ಬರುವುದಕ್ಕೂ, ಕೊಡುವ ಕೈಗಳು ಈ ಕಾಲದಲ್ಲೇ ಮುಂದೆ ಬರುವುದಕ್ಕೂ ಸಂಬಂಧವಿದೆ. ಆದರೆ ಬರಗಾಲದ ವರ್ಷದಲ್ಲೂ ಶಾಮಿಯಾನಗಳು ಎದ್ದದ್ದುಂಟು. ಕೂಡ್ಲಿಗಿ, ಹರಪನಹಳ್ಳಿ ಸೀಮೆಗೆ ಬರ ಹೊಸ ಸಂಗತಿಯೇನಲ್ಲ. ಆ ವರ್ಷ ಹುಗ್ಗಿಯ ಬದಲು ಬರೀ ಮಜ್ಜಿಗೆ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಈ ಶಾಮಿಯಾನಗಳ ಮುಂದೆ ಕೂತು ಮಾತು ಕೇಳುವುದು ನನಗೆ ಬಹಳ ಇಷ್ಟ. ನಡೆದು ಬಂದವನು ನೆರಳಿಗೆ ಕಾಲಿಟ್ಟ ಕೂಡಲೇ ಒಬ್ಬ ಹೆಂಗಸು ಚೊಂಬು ಹಿಡಿದು ಎದುರಾಗುತ್ತಾಳೆ. "ಬಾ ಯಪ್ಪಾ, ಕುಂದ್ರು, ಮೊದಲು ನೀರು ಕುಡಿ." ಅವನು ಗಟಗಟ ಕುಡಿದು ಮುಗಿಸುವ ತನಕ ಆಕೆ ಕಾಯುತ್ತಾಳೆ. ಆಮೇಲೆ ಕೇಳುತ್ತಾಳೆ: "ಯಾವೂರಾತಪ್ಪ ನಿಮ್ದು?" ನೀರು ಮೊದಲು, ಊರು ಆಮೇಲೆ. ಈ ಕ್ರಮವನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ. ಊರು ಕೇಳಿ, ಹೆಸರು ಕೇಳಿ, ಕುಲ ತಿಳಿದು, ಆಮೇಲೆ ನೀರು ಕೊಡುವುದು ಇನ್ನೊಂದು ಕ್ರಮ. ಈ ಎರಡರ ನಡುವೆ ಎಷ್ಟು ದೊಡ್ಡ ಅಂತರವಿದೆ ಎಂಬುದನ್ನು ನಮ್ಮ ನಾಡು ಶತಮಾನಗಳ ಕಾಲ ಅನುಭವಿಸಿ ತಿಳಿದಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ನಡುವೆ ನಾನು ಫ್ರಾನ್ಸಿನ ಕಾಲುವೆಗಳಲ್ಲಿ ದೋಣಿ ಹಿಡಿದು ಹೋದವರ ಕಥೆಗಳನ್ನು ಓದುತ್ತಿದ್ದೆ. ಕೊಟ್ಟೂರಿನ ದಾರಿಗೂ ಫ್ರಾನ್ಸಿನ ಕಾಲುವೆಗೂ ಏನು ನಂಟು ಎಂದು ಕೇಳಬೇಡಿ, ನಂಟಿದೆ. ದಕ್ಷಿಣ ಫ್ರಾನ್ಸಿನಲ್ಲಿ ಕನಾಲ್ ದ್ಯು ಮಿದಿ ಎಂಬ ಕಾಲುವೆಯಿದೆ. ತುಲೂಸ್ ಪಟ್ಟಣದಿಂದ ಮೆಡಿಟರೇನಿಯನ್ ಕರಾವಳಿಯವರೆಗೆ ಸುಮಾರು 240 ಕಿಲೋಮೀಟರ್ ಉದ್ದ. ಪಿಯೆರ್ ಪೋಲ್ ರಿಕೆ ಎಂಬವನು ತನ್ನ ಕೈಯ ದುಡ್ಡನ್ನೂ ಸುರಿದು ಕಟ್ಟಿಸಿದ. 1666ರಲ್ಲಿ ಶುರುವಾದ ಕೆಲಸ ಮುಗಿದು 1681ರಲ್ಲಿ ಕಾಲುವೆ ತೆರೆಯಿತು. ಅದನ್ನು ನೋಡಲು ರಿಕೆ ಇರಲಿಲ್ಲ, ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದ. ಒಂದು ಕಾಲಕ್ಕೆ ದವಸ, ದ್ರಾಕ್ಷಾರಸ, ಅಂಚೆ, ಜನ ಎಲ್ಲವನ್ನೂ ಹೊತ್ತ ಕಾಲುವೆ ಅದು. ಈಗ ಹೆಚ್ಚಾಗಿ ವಿಹಾರಕ್ಕೆ ಬಂದವರ ದೋಣಿಗಳು ಅದರಲ್ಲಿ ತೇಲುತ್ತವೆ.

ನೆಲ ಏರುತ್ತಾ ಇಳಿಯುತ್ತಾ ಹೋದಂತೆ ನೀರನ್ನೂ ಏರಿಸಬೇಕು, ಇಳಿಸಬೇಕು. ಅದಕ್ಕಾಗಿ ಅಲ್ಲಲ್ಲಿ ಎರಡು ಬಾಗಿಲಿನ ನೀರಿನ ಕಟ್ಟೆಗಳಿವೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ನೀರು ತುಂಬಿ ದೋಣಿ ಮೇಲಕ್ಕೆ ಬರುತ್ತದೆ, ಆಗ ಮುಂದಿನ ಬಾಗಿಲು ತೆರೆಯುತ್ತಾರೆ. ನೀರು ನುಗ್ಗುವಾಗ ದೋಣಿ ಹೊಯ್ದಾಡಿ ಗೋಡೆಗೆ ಬಡಿಯದಂತೆ ಹಗ್ಗವನ್ನು ದಂಡೆಗೆಸೆದು ಗೂಟಕ್ಕೆ ಸುತ್ತಬೇಕು. ದೋಣಿಯಲ್ಲಿ ಒಬ್ಬನೇ ಇದ್ದರೆ ಇದು ಆಗುವ ಕೆಲಸವಲ್ಲ. ದಂಡೆಯ ಮೇಲೆ ಯಾರೋ ಇರಬೇಕು. ಕಟ್ಟೆ ಕಾಯುವವನೋ, ನಾಯಿ ಕರೆದುಕೊಂಡು ತಿರುಗಾಡಲು ಬಂದ ಮುದುಕನೋ, ಹಿಂದಿನ ದೋಣಿಯವನೋ, ಯಾರಾದರೂ ಸರಿ, ಹಗ್ಗ ಹಿಡಿಯಬೇಕು. ಹಿಡಿಯುತ್ತಾರೆ. ದಂಡೆಯಲ್ಲಿದ್ದವನು ಹಗ್ಗ ಹಿಡಿಯುವುದು ಅಲ್ಲಿ ಯಾರೂ ಬರೆದಿಡದ ನಿಯಮ. ಹಿಡಿದವನ ಹೆಸರು ಕೇಳುವಷ್ಟರಲ್ಲಿ ದೋಣಿ ಮುಂದೆ ಹೋಗಿರುತ್ತದೆ.

ಇನ್ನೊಂದು ಸಂಗತಿ ಅದರ ವೇಗ. ಆ ಕಾಲುವೆಯಲ್ಲಿ ಗಂಟೆಗೆ 8 ಕಿಲೋಮೀಟರಿಗಿಂತ ಜೋರಾಗಿ ದೋಣಿ ಬಿಡುವಂತಿಲ್ಲ. ನಮ್ಮ ಪಾದಯಾತ್ರಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತಾನೆ, ಎತ್ತಿನ ಗಾಡಿಯೂ ಹೆಚ್ಚುಕಡಿಮೆ ಅಷ್ಟೇ. ಈ ವೇಗದಲ್ಲಿ ಹೋಗುವವನನ್ನು ದಾರಿಯ ಪಕ್ಕದವನು ಕೂಗಿ ಕರೆಯಬಹುದು. ಅವನ ಮುಖ ಬಾಡಿದೆಯೋ, ಕಾಲು ಕುಂಟುತ್ತಿದೆಯೋ, ಬಾಟಲಿಯಲ್ಲಿ ನೀರು ತೀರಿದೆಯೋ ಎಲ್ಲ ಕಾಣುತ್ತದೆ. ಎಂಬತ್ತರ ವೇಗದಲ್ಲಿ ಹೆದ್ದಾರಿ ಹಾಯುವ ಕಾರಿನವನಿಗೆ ಬಾಯಾರಿಕೆ ಆಗಿರಬಹುದು, ಆದರೆ ನಮ್ಮೂರಿನ ಅಜ್ಜಿಗೆ ಅದು ಕಾಣುವುದು ಹೇಗೆ? ಕರುಣೆ ಹುಟ್ಟಲು ಮೊದಲು ಕಣ್ಣಿಗೆ ಸಮಯ ಸಿಗಬೇಕು. ಜನ ಕೆಟ್ಟುಹೋದರು, ಮೊದಲಿನ ಅಂತಃಕರಣ ಈಗಿಲ್ಲ ಎಂದು ಹಲುಬುವವರಿಗೆ ನಾನು ಹೇಳುವುದಿಷ್ಟೇ: ಜನ ಹಾಗೇ ಇದ್ದಾರೆ, ಗಾಡಿಗಳ ವೇಗ ಹೆಚ್ಚಿದೆ. ನಂಬಿಕೆ ಬರದಿದ್ದರೆ ಮಾಘದಲ್ಲಿ ಒಂದು ಹಗಲು ಕೊಟ್ಟೂರಿನ ದಾರಿಯಲ್ಲಿ ನಡೆದು ನೋಡಲಿ.

ಕಾಲುವೆಯ ಮಾತಿಗೆ ಮರಳೋಣ. 1876ರಲ್ಲಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಎಂಬ ಸ್ಕಾಟ್ಲೆಂಡಿನ ತರುಣ ತನ್ನ ಗೆಳೆಯನ ಜೊತೆ ಎರಡು ಪುಟ್ಟ ದೋಣಿಗಳಲ್ಲಿ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಹೊಳೆ, ಕಾಲುವೆಗಳ ಮೇಲೆ ಪಯಣ ಹೊರಟ. ಮುಂದೆ 'ಟ್ರೆಷರ್ ಐಲ್ಯಾಂಡ್' ಬರೆದು ಲೋಕಪ್ರಸಿದ್ಧನಾದವನು ಇವನೇ. ಈ ದೋಣಿ ಪಯಣದ ಕಥೆ 1878ರಲ್ಲಿ ಪುಸ್ತಕವಾಗಿ ಬಂತು, ಅದೇ ಅವನ ಮೊದಲ ಪ್ರವಾಸ ಕಥನ. ಅದರಲ್ಲಿ ಲಾ ಫೆರ್ ಎಂಬ ಊರಿನ ಪ್ರಸಂಗವೊಂದಿದೆ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ, ಹಸಿದು, ಇಬ್ಬರೂ ಊರಿನ ಒಳ್ಳೆಯ ಹೋಟೆಲಿನ ಬಾಗಿಲಿಗೆ ಹೋಗುತ್ತಾರೆ. ಅವರ ಕೊಳೆಯಾದ ಬಟ್ಟೆ, ರಬ್ಬರಿನ ಚೀಲ ನೋಡಿದ ಒಡತಿ ಇವರು ತಿರುಗಾಡಿ ಸರಕು ಮಾರುವವರೆಂದು ತಿಳಿದು ಹೊರಗೆ ಹಾಕುತ್ತಾಳೆ. ಕತ್ತಲಲ್ಲಿ, ಮಳೆಯಲ್ಲಿ ಅಲೆದು ಕಡೆಗೆ ಒಂದು ಸಾಧಾರಣ ತಂಗುಮನೆ ಸೇರುತ್ತಾರೆ. ಅಲ್ಲಿನ ಗಂಡ ಹೆಂಡತಿ ಬಜ಼ಾನ್ ದಂಪತಿ ಊಟ ಹಾಕಿ, ಹಾಸಿಗೆ ಕೊಟ್ಟು, ರಾತ್ರಿ ಕೂತು ಕಷ್ಟಸುಖ ಮಾತಾಡುತ್ತಾರೆ. ಮರುದಿನ ಹಣ ಕೊಟ್ಟು ಹೊರಟ ಸ್ಟೀವನ್‌ಸನ್‌ಗೆ ಒಂದು ವಿಚಾರ ಕಾಡುತ್ತದೆ. ಊಟಕ್ಕೆ, ಹಾಸಿಗೆಗೆ ಲೆಕ್ಕ ಹಾಕಿದ್ದರು. ಆದರೆ ಆ ಮಾತುಕತೆಗೆ, ಆ ದಂಪತಿಯ ಪ್ರೀತಿಗೆ ಯಾವ ಬೆಲೆಯನ್ನೂ ಹಚ್ಚಿರಲಿಲ್ಲ. ಅದನ್ನು ತೀರಿಸುವುದು ಹೇಗೆ?

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ದಾರಿಯಲ್ಲಿ ಉಪಕಾರ ಪಡೆದವರೆಲ್ಲರ ಪ್ರಶ್ನೆ ಅದು. ಅಲ್ಲದೆ ಇನ್ನೊಂದು ಮಾತು ನೋಡಿ: ಅವರನ್ನು ಹೊರಗೆ ಹಾಕಿದ್ದೂ ಒಂದು ಊರೇ, ಒಳಗೆ ಕರೆದದ್ದೂ ಅದೇ ಊರೇ. ಒಬ್ಬಳು ಮೊದಲು ಬಟ್ಟೆ ನೋಡಿದಳು, ಇನ್ನೊಬ್ಬಳು ಮೊದಲು ಊಟ ಹಾಕಿದಳು.

ನಮ್ಮ ಸೀಮೆಯಲ್ಲಿ ದೋಣಿ ಓಡುವ ಕಾಲುವೆ ಇಲ್ಲ. ತುಂಗಭದ್ರೆಯ ನೀರಿನಲ್ಲಿ ಹಡಗು ದೋಣಿ ಓಡಿಸುವ ಆಸೆ ಮಾತ್ರ ಒಂದು ಕಾಲಕ್ಕೆ ಇತ್ತು. 1860ರ ದಶಕದಲ್ಲಿ ಮದರಾಸಿನ ನೀರಾವರಿ ಕಂಪನಿಯೊಂದು ಸುಂಕೇಸುಲದ ಬಳಿ ಹೊಳೆಗೆ ಅಡ್ಡಕಟ್ಟೆ ಕಟ್ಟಿ ಕರ್ನೂಲು–ಕಡಪ ಕಾಲುವೆ ತೋಡಿತು. ಹೊಲಕ್ಕೆ ನೀರೂ ಆಗಬೇಕು, ದೋಣಿಗೆ ದಾರಿಯೂ ಆಗಬೇಕು ಎಂಬುದು ಅವರ ಲೆಕ್ಕ. ಹೊಲಕ್ಕೆ ನೀರಾಯಿತು, ದೋಣಿಯ ಕನಸು ಫಲಿಸಲಿಲ್ಲ. ಇತ್ತ ಹಡಗಲಿಯ ಹೂವು ವಿಜಯನಗರದ ಅರಸರ ಪೂಜೆಗೆ ಹೊಳೆಯ ಮೇಲೆ ದೋಣಿಯಲ್ಲಿ ಹಂಪಿಗೆ ಹೋಗುತ್ತಿತ್ತು ಎಂದು ಜನ ಇಂದಿಗೂ ಹೇಳುತ್ತಾರೆ. ಹಡಗಲಿ ಮಲ್ಲಿಗೆಯ ಘಮ ಬಲ್ಲವರಿಗೆ ಆ ಮಾತನ್ನು ನಂಬುವ ಮನಸ್ಸಾಗುತ್ತದೆ.

ಹೊಳೆ ದಾಟಲು ನಮ್ಮವರಿಗೆ ಇದ್ದದ್ದು ಹರಿಗೋಲು, ತೆಪ್ಪ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಬೆರಗಿನಿಂದ ನೋಡಿ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಸುವ ದುಂಡನೆಯ ದೋಣಿ, ನೆಟ್ಟಗೆ ಹೋಗದೆ ತಿರುಗುತ್ತಲೇ ಸಾಗುತ್ತದೆ ಎಂದು. ಐನೂರು ವರ್ಷದ ಮೇಲೂ ಹರಿಗೋಲು ಹಾಗೆಯೇ ತಿರುಗುತ್ತದೆ, ಚರ್ಮದ ಬದಲು ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಹುಟ್ಟು ಹಾಕುವ ಅಂಬಿಗನ ಕೈಯಲ್ಲಿ ಅಷ್ಟೂ ಜನರ ಜೀವ. ಅವನಿಗೆ ಹತ್ತಿದವರ ಗುರುತಿಲ್ಲ, ಹತ್ತಿದವರಿಗೆ ಅವನ ಗುರುತಿಲ್ಲ. ನೆರೆ ಬಂದ ಹೊಳೆಯಲ್ಲಿ ಬಸುರಿಯನ್ನು, ಹಾವು ಕಚ್ಚಿದವನನ್ನು ದಾಟಿಸಿದ ಅಂಬಿಗರ ಕಥೆಗಳು ಹೊಳೆಸಾಲಿನ ಊರುಗಳಲ್ಲಿ ಮನೆಮನೆಯಲ್ಲೂ ಸಿಗುತ್ತವೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ ಇದೇ ಹೊಳೆಯವನು. ಆಚೆ ದಂಡೆಯ ಚೌಡದಾನಪುರದಲ್ಲಿ ಅವನ ಗದ್ದುಗೆಯಿದೆ. ಶರಣರಲ್ಲೆಲ್ಲ ಖಡಕ್ ಮಾತಿನವನು ಅವನು. ನನಗನ್ನಿಸುವುದು, ಎಲ್ಲ ಕುಲದವರನ್ನೂ ಒಂದೇ ದೋಣಿಯಲ್ಲಿ ಕೂರಿಸಿ ದಿನವೂ ದಾಟಿಸುವವನಿಗೆ ಮನುಷ್ಯರ ಮೇಲುಕೀಳಿನ ಪೊಳ್ಳು ಬೇರೆಯವರಿಗಿಂತ ಬೇಗ ಕಂಡಿರಬೇಕು.

ಅದೇ ಹೊಳೆಯ ಈಚೆ ದಂಡೆಗೆ, ಹಡಗಲಿ ತಾಲ್ಲೂಕಿನ ಮೈಲಾರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕ ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಬಸ್ಸು, ಟ್ರ್ಯಾಕ್ಟರು ಎಷ್ಟೇ ಬಂದರೂ ಎತ್ತಿನ ಗಾಡಿ ಕಟ್ಟಿಕೊಂಡೇ ಹೋಗುವ ಮನೆತನಗಳು ಇನ್ನೂ ಇವೆ. ಗಾಡಿಗೆ ಸವಾರಿ ಕಟ್ಟಿ, ಎತ್ತಿನ ಕೊರಳಿಗೆ ಗೆಜ್ಜೆ ಹಾಕಿ, ಮಕ್ಕಳು ಮರಿ, ರೊಟ್ಟಿ ಬುತ್ತಿ, ಮೇವು ತುಂಬಿಕೊಂಡು ಹೊರಡುತ್ತಾರೆ. ಹೊತ್ತು ಮುಳುಗಿದಲ್ಲಿ ಯಾರದೋ ಕಣದಲ್ಲಿ ಕೊಳ್ಳು ಹರಿಯುತ್ತಾರೆ. ಕಣದ ಒಡೆಯ ಬಂದು, "ಯಾರ್ರಪ್ಪ ನೀವು, ಇಲ್ಯಾಕ ಬಿಟ್ರಿ?" ಎಂದು ಗದರುವುದಿಲ್ಲ. "ಎತ್ತಿಗೆ ನೀರು ಬೇಕಾದ್ರ ಬೋರಿನ ಹತ್ರ ಹೋಗ್ರಪ್ಪ, ತೊಟ್ಟಿ ತುಂಬೇತಿ" ಎನ್ನುತ್ತಾನೆ. ಜಾತ್ರೆಯ ಬಯಲಿನಲ್ಲಿ ಗೊರವರು ಕಂಬಳಿ ಹೊದ್ದು, ಡಮರು ನುಡಿಸುತ್ತಾ, ಮುಂದೆ ದೋಣಿ ಎಂಬ ಮರದ ಪಾತ್ರೆ ಇಟ್ಟುಕೊಂಡು ಕೂತಿರುತ್ತಾರೆ. ಬಂದವರು ಅದಕ್ಕೆ ಬಾಳೆಹಣ್ಣು, ಸಕ್ಕರೆ, ಹಾಲು ತುಪ್ಪ ಹಾಕುತ್ತಾರೆ. ಯಾರು ಎಷ್ಟು ಹಾಕಿದರೆಂಬ ಲೆಕ್ಕ ಯಾರಿಗೂ ಬೇಕಿಲ್ಲ, ಎಲ್ಲವೂ ಒಂದರಲ್ಲೇ ಬೆರೆಯುತ್ತದೆ.

ಈಗ ಮೊದಲು ಬಿಟ್ಟ ಮಾತಿಗೆ ಬರುತ್ತೇನೆ. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಅರವಟ್ಟಿಗೆಗೆ ಭೂಮಿ ಬಿಟ್ಟ, ಹಣ ಬಿಟ್ಟ ಸಂಗತಿ ಕನ್ನಡದ ಎಷ್ಟೋ ಶಾಸನಗಳಲ್ಲಿದೆ. ಕೆರೆ ಕಟ್ಟಿಸುವುದು, ಸಾಲುಮರ ನೆಡಿಸುವುದು, ಛತ್ರ ನಡೆಸುವುದು, ಅರವಟ್ಟಿಗೆ ಇಡಿಸುವುದು ಇವೆಲ್ಲ ಪುಣ್ಯದ ಕೆಲಸ ಎಂದು ನಮ್ಮ ಹಿರಿಯರು ನಂಬಿದ್ದರು. ಆದರೆ ಅದೇ ಅರವಟ್ಟಿಗೆಯಲ್ಲಿ ಕೆಲವರಿಗೆ ಚೊಂಬು ಕೈಗೆ ಕೊಟ್ಟು, ಕೆಲವರನ್ನು ದೂರ ನಿಲ್ಲಿಸಿ ಬೊಗಸೆಗೆ ಮೇಲಿನಿಂದ ನೀರು ಹೊಯ್ದದ್ದೂ ಉಂಟು. ಪುಣ್ಯಕ್ಕೆ ಕೊಟ್ಟ ನೀರಿನಲ್ಲೂ ಹೀಗೆ ಅವಮಾನ ಬೆರೆತಿತ್ತು. ಊರು, ಹೆಸರು, ಕುಲ ಕೇಳಿ ನೀರು ಕೊಟ್ಟ ಕಾಲ ಅದು, ಪೂರ್ತಿ ಮುಗಿದಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ಕೊಟ್ಟೂರಿನಲ್ಲಿ ತೇರಿನ ದಿನ ಸ್ವಾಮಿಯ ಪಲ್ಲಕ್ಕಿಗೆ ದಲಿತ ಹೆಣ್ಣುಮಗಳು ಕಳಸದಾರತಿ ಬೆಳಗುವ ಸಂಪ್ರದಾಯವಿದೆ. ಅವಳ ಆರತಿಯಾದ ಮೇಲೆಯೇ ಮುಂದಿನ ಕಾರ್ಯ. ಆ ಪಲ್ಲಕ್ಕಿಯನ್ನು ನೋಡಲು ನಡೆದು ಹೋಗುವವರ ದಾರಿಯಲ್ಲಿ ನೀರಿಗೆ ಭೇದವಿದ್ದರೆ ಆ ನಡಿಗೆಗೆ ಏನು ಅರ್ಥ? ಹಾಗಾಗಿಯೇ, ಆ ಹೆಂಗಸು ಚೊಂಬು ನೀಡಿ ಆಮೇಲೆ ಊರು ಕೇಳುವುದನ್ನು ಕಂಡರೆ ನನಗೆ ಅಷ್ಟು ಸಂತೋಷ. ಬೊಗಸೆಗೆ ಹೊಯ್ಯುವ ಕಾಲದಿಂದ ಕೈಗೆ ಚೊಂಬು ಕೊಡುವ ಕಾಲಕ್ಕೆ ಬರಲು ನಾವು ಬಹಳ ದೂರ ನಡೆದಿದ್ದೇವೆ.

ಕೊಟ್ಟೂರಿನ ಬಗ್ಗೆ ಜನ ಹೇಳುವ ಕಥೆಯೊಂದಿದೆ. ಅಲ್ಲಿ ಮೊದಲು ನೆಲೆಸಿದ್ದವನು ವೀರಭದ್ರ. ಗುರು ಬಸವೇಶ್ವರ ಬಂದು ತನಗೆ ಇರಲು ಜಾಗ ಬೇಕೆಂದಾಗ ವೀರಭದ್ರ ಊರನ್ನೇ ಬಿಟ್ಟುಕೊಟ್ಟನಂತೆ. ದೇವರ ಕಥೆಯನ್ನು ಇತಿಹಾಸವೆಂದು ಓದಬೇಕಿಲ್ಲ. ಬಂದವನಿಗೆ ಜಾಗ ಕೊಡುವುದನ್ನೇ ದೊಡ್ಡಸ್ತಿಕೆ ಎಂದು ತಿಳಿದ ಜನ ಮಾತ್ರ ಇಂಥ ಕಥೆ ಕಟ್ಟಬಲ್ಲರು. ಇದೇ ಪರಂಪರೆಯ ಇನ್ನೊಬ್ಬ ಮಹಾತ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಕೊಟ್ಟೂರಿನ ಗುರುವಿನಂತೆ ಅವನೂ ಪಂಚಗಣಾಧೀಶ್ವರರೆಂದು ಜನ ಪೂಜಿಸುವ ಐವರಲ್ಲಿ ಒಬ್ಬ. ಊರೂರು ತಿರುಗಿ ಕೆರೆ ಕಟ್ಟಿಸಿದವನು. ಮಾಡಿದಷ್ಟು ನೀಡು ಭಿಕ್ಷೆ ಎಂಬುದು ಅವನ ಮಾತು. ಕೆಲಸ ಮಾಡಿದವನಿಗೆ ಮಾಡಿದಷ್ಟು ಸಲ್ಲಬೇಕು. ಬೆವರಿನ ಲೆಕ್ಕ ಚುಕ್ತಾ ಆಗಲೇಬೇಕು.

ಹಾಗಾದರೆ ಬೆವರಿನ ಲೆಕ್ಕವಲ್ಲದ, ಸುಮ್ಮನೆ ಸಿಕ್ಕ ಒಂದು ಚೊಂಬು ನೀರಿನ ಲೆಕ್ಕ ಚುಕ್ತಾ ಮಾಡುವುದು ಹೇಗೆ? ಸ್ಟೀವನ್‌ಸನ್‌ನ ಪ್ರಶ್ನೆ ಇದೇ. ಉತ್ತರ ನನಗೆ ಸಿಕ್ಕಿದ್ದು ಇದೇ ಶಾಮಿಯಾನಗಳಲ್ಲಿ. ಕಾಲು ತಿಕ್ಕಿಸಿಕೊಂಡವನು ಹೊರಡುವಾಗ ಜೇಬಿಗೆ ಕೈ ಹಾಕುತ್ತಾನೆ. "ಅಣ್ಣಾ, ಅದೆಲ್ಲ ಬ್ಯಾಡ, ಸ್ವಾಮಿಗೆ ನಮ್ದೊಂದು ನಮಸ್ಕಾರ ಹೇಳಿಬಿಡು" ಎಂದು ಹುಡುಗ ಕೈ ತಡೆಯುತ್ತಾನೆ. ನಡೆದವನು ಆ ನಮಸ್ಕಾರವನ್ನು ಹೊತ್ತು ಹೋಗುತ್ತಾನೆ. ಕೆಲ ವರ್ಷ ನಡೆದ ಮೇಲೆ ಮಂಡಿ ಸೋಲುತ್ತದೆ. ಆಗ ತನ್ನೂರಿನ ಬಳಿಯೇ ರಸ್ತೆಯ ಪಕ್ಕದಲ್ಲಿ ಒಂದು ಶಾಮಿಯಾನ ಹಾಕುತ್ತಾನೆ. ಶಾಮಿಯಾನ ಹಾಕಿದವರನ್ನು ಮಾತಾಡಿಸಿದರೆ ಬಹಳ ಮಂದಿ ಇದೇ ಕಥೆ ಹೇಳುತ್ತಾರೆ. ಅವತ್ತು ಕಾಲು ತಿಕ್ಕಿದ ಹುಡುಗ ಇವರಿಗೆ ಮತ್ತೆ ಸಿಕ್ಕಿಲ್ಲ, ಹುಡುಕುವ ಅಗತ್ಯವೂ ಬಂದಿಲ್ಲ. ದಾರಿಯಲ್ಲಿ ಪಡೆದದ್ದನ್ನು ಕೊಟ್ಟವನಿಗೆ ಹಿಂದಿರುಗಿಸಲು ಆಗುವುದಿಲ್ಲ. ಮುಂದೆ ಬರುವವನಿಗೆ ಕೊಡಬೇಕು. ಫ್ರಾನ್ಸಿನಲ್ಲಿ ಹಗ್ಗ ಹಿಡಿಸಿಕೊಂಡ ದೋಣಿಯವನು ಮುಂದಿನ ಕಟ್ಟೆಯಲ್ಲಿ ಇಳಿದು ಇನ್ನೊಬ್ಬನ ಹಗ್ಗ ಹಿಡಿಯುತ್ತಾನೆ. ಅಲ್ಲಿಯ ಲೆಕ್ಕವೂ ಇಲ್ಲಿಯ ಲೆಕ್ಕವೂ ಒಂದೇ.

ನಿತ್ಯದ ಪ್ರಯಾಣದಲ್ಲೂ ಇದು ಇಲ್ಲದಿಲ್ಲ. ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂಡ್ಲಿಗಿಗೋ ಕೊಟ್ಟೂರಿಗೋ ಹೋಗುವ ಬಸ್ಸು ಬಂದಾಗ ನೋಡಬೇಕು. ನೂಕುನುಗ್ಗಲಿನಲ್ಲಿ ಹತ್ತಲಾರದ ತಾಯಿ ಕಂಕುಳ ಕೂಸನ್ನು ಕಿಟಕಿಯಿಂದ ಒಳಗೆ ಕೂತ ಯಾರದೋ ಕೈಗೆ ಕೊಡುತ್ತಾಳೆ. "ಅಕ್ಕಾ, ಒಂಚೂರು ಹಿಡಕಂಡಿರ್ರಿ." ಬಸ್ಸು ತುಂಬಿದರೆ ಕೂಸು ಕೂಡ್ಲಿಗಿಯವರೆಗೂ ಆ ಅಕ್ಕನ ಮಡಿಲಲ್ಲೇ. ತಾಯಿ ಬಾಗಿಲ ಬಳಿ ಕಂಬಿ ಹಿಡಿದು ನಿಶ್ಚಿಂತೆಯಿಂದ ನಿಂತಿರುತ್ತಾಳೆ. ಲೋಕದಲ್ಲಿ ಯಾರನ್ನೂ ನಂಬಬೇಡ ಎಂದು ಬುದ್ಧಿ ಹೇಳುವವರಿದ್ದಾರೆ. ಹಡೆದ ಕೂಸನ್ನು ಗುರುತಿಲ್ಲದವರ ಕೈಗೆ ಕೊಡುವ ನಂಬಿಕೆಯನ್ನು ಒಂದು ಊರು ಉಳಿಸಿಕೊಂಡಿದೆ ಎಂದರೆ ಅದಕ್ಕಿಂತ ದೊಡ್ಡ ಆಸ್ತಿ ಆ ಊರಿಗೆ ಇನ್ನೇನು ಬೇಕು?

ಅಂತಃಕರಣ ಇದ್ದರೆ ಸಾಕೇ? ಸಾಲದು, ಅದಕ್ಕೊಂದು ವ್ಯವಸ್ಥೆ ಬೇಕು. ಪಾದಯಾತ್ರೆಯಲ್ಲಿ ಹೆಣ್ಣುಮಕ್ಕಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರಿಗೆ ಹುಗ್ಗಿಗಿಂತ ಮೊದಲು ಬೇಕಾದ್ದು ಶುಚಿಯಾದ ಶೌಚಾಲಯ, ರಾತ್ರಿ ಮಲಗಲು ಬೆಳಕಿರುವ ಜಾಗ. ಕತ್ತಲಲ್ಲಿ ನಡೆಯುವವರ ಚೀಲಕ್ಕೆ ಮಿನುಗುವ ರೇಡಿಯಂ ಪಟ್ಟಿ ಅಂಟಿಸಿದರೆ ಲಾರಿ ಚಾಲಕನಿಗೆ ದೂರದಿಂದಲೇ ಕಾಣುತ್ತದೆ. ಊಟವಾದ ಮೇಲೆ ಪ್ಲಾಸ್ಟಿಕ್ ಲೋಟ, ತಟ್ಟೆಗಳು ಪಕ್ಕದ ಹೊಲಕ್ಕೆ ಹಾರದಂತೆ ಗುಡ್ಡೆ ಹಾಕುವ ಕೆಲಸವೂ ಸೇವೆಯೇ. ಫ್ರಾನ್ಸಿನ ಕಾಲುವೆಯ ದಂಡೆಯಲ್ಲಿ ಹಗ್ಗ ಸುತ್ತಲು ಗೂಟ ನೆಟ್ಟಿದ್ದಾರೆ ನೋಡಿ, ಅಂಥ ವ್ಯವಸ್ಥೆ ಇದು. ಗೂಟ ಇದ್ದಲ್ಲಿ ಹಿಡಿಯುವ ಕೈಗೆ ಬಲ ಬರುತ್ತದೆ.

ಈಗ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಮಾತನ್ನು ಹೇಳಿಬಿಡುತ್ತೇನೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಟ್ಟಿ, ತಾಂಡಾಗಳಿಂದ ಪ್ರತಿ ವರ್ಷ ಜನ ಗುಳೆ ಹೋಗುತ್ತಾರೆ. ಮಲೆನಾಡಿನ ಕಾಫಿ ತೋಟಕ್ಕೆ, ಮಂಡ್ಯದ ಕಡೆಯ ಕಬ್ಬಿನ ಗದ್ದೆಗೆ, ಬೆಂಗಳೂರಿನ ಕಟ್ಟಡಗಳಿಗೆ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದರು, ಆಮೇಲೆ ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಯಿತು. ನಕ್ಷೆಯಲ್ಲಿ ಗೆರೆ ಎಷ್ಟು ಸಲ ಬದಲಾದರೂ ಗುಳೆ ನಿಂತಿಲ್ಲ. ಟೆಂಪೋದ ಹಿಂಭಾಗದಲ್ಲಿ ಪಾತ್ರೆ ಪಡಗ, ಕೋಳಿ, ಮಕ್ಕಳು, ಮುದುಕರು. ರಾತ್ರಿ ಹೊತ್ತು ಹೆದ್ದಾರಿಯ ಪಕ್ಕ ನಿಂತು ಮಕ್ಕಳಿಗೆ ನೀರು ಹುಡುಕುತ್ತಾರೆ. ಅವರಿಗೆ ಯಾರೂ ಶಾಮಿಯಾನ ಹಾಕುವುದಿಲ್ಲ. ದೇವರ ಹರಕೆಗೆ ನಡೆಯುವವನ ಗುಳ್ಳೆಗೆ ಮುಲಾಮು ಹಚ್ಚುವ ನಾವು ಹೊಟ್ಟೆಪಾಡಿಗೆ ಹೊರಟವನ ಗುಳ್ಳೆಯನ್ನು ಯಾಕೆ ನೋಡುವುದಿಲ್ಲ?

ಒಂದು ಸಲ ನೋಡಿದ್ದೇವೆ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿದಾಗ ಬಸ್ಸು ರೈಲುಗಳು ನಿಂತವು, ಕೂಲಿಕಾರರು ಹೆದ್ದಾರಿಗಳಲ್ಲಿ ಕಾಲ್ನಡಿಗೆಯಲ್ಲಿ ಊರಿನತ್ತ ಹೊರಟರು. ಆಗ ನಾಡಿನ ಎಷ್ಟೋ ಊರುಗಳಲ್ಲಿ ಜನ ರೋಗದ ಭಯವಿದ್ದೂ ರಸ್ತೆಗೆ ಬಂದು ಅನ್ನದ ಪೊಟ್ಟಣ, ನೀರಿನ ಬಾಟಲಿ, ಹಳೆಯ ಚಪ್ಪಲಿ ಕೊಟ್ಟರು. ಅಂದು ರಸ್ತೆಯಲ್ಲಿ ನಡೆದವರು ಯಾವ ಜಾತ್ರೆಗೂ ಹೊರಟಿರಲಿಲ್ಲ, ಆದರೂ ಕೈಗಳು ಮುಂದೆ ಬಂದವು. ಅವರು ನಿಧಾನವಾಗಿ ಹೋಗುತ್ತಿದ್ದರು, ಅವರ ಕಾಲು ನಮಗೆ ಕಂಡಿತು. ಕಂಡ ಮೇಲೆ ನಮ್ಮ ಜನ ಸುಮ್ಮನೆ ಕೂರಲಿಲ್ಲ. ಕೊಟ್ಟೂರಿನ ದಾರಿಯಲ್ಲಿ ತಲೆಮಾರುಗಳಿಂದ ಕಲಿತ ಪಾಠ ಅಂದು ಬೇರೆಯವರಿಗೂ ಒದಗಿತು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮುಂದಿನ ಮಾಘದಲ್ಲಿ ಶಾಮಿಯಾನ ಹಾಕುವವರು ತೇರು ಎಳೆದ ಮರುದಿನ ಎಲ್ಲವನ್ನೂ ಬಿಚ್ಚಿಬಿಡಬೇಡಿ. ಹೆದ್ದಾರಿಯ ಬದಿಯಲ್ಲಿ ಒಂದನ್ನಾದರೂ ಉಗಾದಿಯವರೆಗೆ ಉಳಿಸಿ. ಉಗಾದಿಗೆ ಗುಳೆ ಹೋದವರು ಊರಿಗೆ ಬರುತ್ತಾರೆ, ಆಗ ಬಿಸಿಲು ಮಾಘದ ಬಿಸಿಲಿಗಿಂತ ಕೆಟ್ಟದಾಗಿರುತ್ತದೆ. ಹುಗ್ಗಿ ಬೇಡ, ಪಲಾವ್ ಬೇಡ. ಎರಡು ಮಡಕೆ ನೀರು, ಒಂದು ಹಂಡೆ ಮಜ್ಜಿಗೆ, ಮಕ್ಕಳು ಮಲಗಲು ಒಂದು ಜಮಖಾನ, ಹೆಣ್ಣುಮಕ್ಕಳಿಗೆ ಮರೆಯ ಜಾಗ ಇದ್ದರೆ ಸಾಕು. ಖರ್ಚು ದೊಡ್ಡದಲ್ಲ, ಸರದಿಯಲ್ಲಿ ದಿನಕ್ಕೊಂದು ಮನೆಯವರು ನೋಡಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ಟೆಂಪೋ ಬಂದು ನಿಂತಾಗ ಯಾರಾದರೊಬ್ಬರು ಚೊಂಬು ಹಿಡಿದು ಎದುರು ಹೋಗಿ. ಅವರು ಕುಡಿದು ಮುಗಿಸಲಿ. ಯಾವೂರೆಂದು ಆಮೇಲೆ ಕೇಳಿ, ಪಕ್ಕದ ತಾಂಡಾದವರೇ ಆಗಿರಬಹುದು.